ಮಂಡ್ಯ 22 ಹೌದೋ, 573 ಹೌದೋ? ಹಳೆಯ ಜನಗಣತಿ ಪಟ್ಟಿಗಳನ್ನು ಜೋಡಿಸುವುದು ಹೇಗೆ?

ಪಾಂಡವಪುರದ ವಿದ್ಯಾರ್ಥಿ

ನಾನು ಅರ್ಥಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿ. ಮಂಡ್ಯ, ಮೈಸೂರು ಜಿಲ್ಲೆಗಳ ತಾಲ್ಲೂಕುಗಳಲ್ಲಿ ಕೃಷಿ ಕೂಲಿಕಾರರ ಪ್ರಮಾಣ 1991ರಿಂದ 2011ರವರೆಗೆ ಹೇಗೆ ಬದಲಾಯಿತು ಎಂಬುದು ನನ್ನ ಕಿರುಪ್ರಬಂಧದ ವಿಷಯ. ಮೂರು ಜನಗಣತಿಗಳ ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟರೆ ಒಂದಕ್ಕೊಂದು ತಾಳೆಯಾಗುತ್ತಿಲ್ಲ. 2001ರಲ್ಲಿ ಮಂಡ್ಯದ ಸಂಕೇತ 22, ಮೈಸೂರಿನದು 26. 2011ಕ್ಕೆ ಬಂದರೆ 573 ಮತ್ತು 577. ಹೆಸರು ಹಿಡಿದು ಜೋಡಿಸೋಣವೆಂದರೆ ಒಂದು ಕಡೆ ಕೆ.ಆರ್. ಪೇಟೆ, ಇನ್ನೊಂದು ಕಡೆ ಕೃಷ್ಣರಾಜಪೇಟೆ. ಶ್ರೀರಂಗಪಟ್ಟಣವನ್ನು ಇಂಗ್ಲಿಷಿನಲ್ಲಿ ಒಬ್ಬೊಬ್ಬರು ಒಂದೊಂದು ರೀತಿ ಬರೆದಿದ್ದಾರೆ. ಪಿನ್ ಕೋಡ್ ಬದಲಾಗುವುದಿಲ್ಲವಲ್ಲ, ಅದರಿಂದಲೇ ಜೋಡಿಸು ಎಂದು ಸ್ನೇಹಿತನೊಬ್ಬ ಹೇಳುತ್ತಾನೆ. ಸರಿಯೇ?

ಇನ್ನೊಂದು ಗೊಂದಲ. ಮೈಸೂರು ಜಿಲ್ಲೆಯ ಜನಸಂಖ್ಯೆ 1991ರಲ್ಲಿ 31.65 ಲಕ್ಷ ಇದ್ದದ್ದು 2001ರಲ್ಲಿ 26.41 ಲಕ್ಷವಾಗಿದೆ. ಐದು ಲಕ್ಷ ಜನ ಎಲ್ಲಿ ಹೋದರು?

ನಿವೃತ್ತ ಅಂಕಿಅಂಶ ಸಹಾಯಕಿ, ಸರಸ್ವತಿಪುರಂ

ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರುಮಾಡುತ್ತೇನೆ. ಯಾರೂ ಎಲ್ಲಿಗೂ ಹೋಗಲಿಲ್ಲ. 1997ರಲ್ಲಿ ಚಾಮರಾಜನಗರ, ಗುಂಡ್ಲುಪೇಟೆ, ಕೊಳ್ಳೇಗಾಲ, ಯಳಂದೂರು ತಾಲ್ಲೂಕುಗಳು ಬೇರೆ ಜಿಲ್ಲೆಯಾದವು. 2001ರಲ್ಲಿ ಚಾಮರಾಜನಗರದ 9.65 ಲಕ್ಷವನ್ನು ಮೈಸೂರಿನ 26.41 ಲಕ್ಷಕ್ಕೆ ಕೂಡಿಸಿ ನೋಡಿ, 36.06 ಲಕ್ಷ ಬರುತ್ತದೆ. ಹೋಲಿಸಬೇಕಾದದ್ದು ಅದನ್ನು. ಇಲ್ಲವೇ 1991ರ ಮೊತ್ತದಿಂದ ಆ ನಾಲ್ಕು ತಾಲ್ಲೂಕುಗಳನ್ನು ಕಳೆದು ಇಂದಿನ ಮೈಸೂರನ್ನು ಹಿಂದಕ್ಕೆ ಕಟ್ಟಿಕೊಳ್ಳಿ, ಆಗ 22.82 ಲಕ್ಷ ಸಿಗುತ್ತದೆ. ನಿಮ್ಮ ವಿಷಯಕ್ಕೆ ಈ ಎರಡನೆಯ ದಾರಿಯೇ ಸರಿ. ಗುಂಡ್ಲುಪೇಟೆಯ ಮಳೆಯಾಶ್ರಿತ ಹೊಲಗಳ ಕೂಲಿಕಾರರನ್ನು ಒಂದು ವರ್ಷ ಸೇರಿಸಿ ಇನ್ನೊಂದು ವರ್ಷ ಬಿಟ್ಟರೆ ನಿಮ್ಮ ಪ್ರಬಂಧ ಇಲ್ಲದ ಬದಲಾವಣೆಯೊಂದನ್ನು ಕಂಡುಹಿಡಿದುಬಿಡುತ್ತದೆ.

ಇನ್ನು 22 ಮತ್ತು 573. ಎರಡೂ ಹೌದು. 2001ರಲ್ಲಿ ಪ್ರತಿ ರಾಜ್ಯದೊಳಗೂ ಜಿಲ್ಲೆಗಳನ್ನು ಒಂದರಿಂದ ಎಣಿಸಿದರು. ಹಾಗಾಗಿ 22 ಎಂದಷ್ಟೇ ಬರೆದರೆ ಅದು ಬೇರೆ ರಾಜ್ಯದ ಜಿಲ್ಲೆಯೂ ಆಗಬಹುದು. ಕರ್ನಾಟಕದ 29ನ್ನು ಮುಂದಿಟ್ಟು 29-22 ಎಂದೇ ಬರೆಯಬೇಕು. 2011ರಲ್ಲಿ ದೇಶದ 640 ಜಿಲ್ಲೆಗಳಿಗೂ ಒಂದೇ ಸರಣಿ ಹಾಕಿದರು. ನಮ್ಮ ರಾಜ್ಯ 555ರ ಬೆಳಗಾವಿಯಿಂದ 584ರ ರಾಮನಗರದವರೆಗೆ.

ಆ ಸರಣಿಯನ್ನು ಒಮ್ಮೆ ನಿಧಾನವಾಗಿ ಓದಿ. 2001ರಲ್ಲಿ ಗುಲ್ಬರ್ಗ 4ನೆಯದು, ಕೋಲಾರ 19ನೆಯದು, ಬೆಂಗಳೂರು ಗ್ರಾಮಾಂತರ 21ನೆಯದು. 2011ರಲ್ಲಿ ಈ ಮೂರೂ ತಮ್ಮ ಜಾಗದಲ್ಲಿಲ್ಲ. ಗುಲ್ಬರ್ಗ ಯಾದಗಿರಿಯ ಜೊತೆ 579, 580. ಕೋಲಾರ ಚಿಕ್ಕಬಳ್ಳಾಪುರದ ಜೊತೆ 581, 582. ಬೆಂಗಳೂರು ಗ್ರಾಮಾಂತರ ರಾಮನಗರದ ಜೊತೆ 583, 584. ಒಡೆದ ಜಿಲ್ಲೆಗಳೆಲ್ಲ ಸಾಲಿನ ಕೊನೆಯಲ್ಲಿವೆ, ಹೊಸದಾಗಿ ಹುಟ್ಟಿದವಷ್ಟೇ ಅಲ್ಲ, ತಾಯಿ ಜಿಲ್ಲೆಗಳು ಕೂಡ. ಕೋಲಾರದ ಹೆಸರು ಉಳಿದರೂ ಮೇರೆ ಬದಲಾಯಿತು, ಮೇರೆ ಬದಲಾದ ಮೇಲೆ ಅದು ಲೆಕ್ಕಕ್ಕೆ ಬೇರೆ ಪ್ರದೇಶ. ಇದನ್ನು ಮಾಡಿದವರ ಬಗ್ಗೆ ನನಗೆ ನಿಜವಾದ ಗೌರವವಿದೆ. ಆದರೆ ಒಡೆಯದ ಮಂಡ್ಯ, ಹಾಸನ, ದಕ್ಷಿಣ ಕನ್ನಡ, ಕೊಡಗು, ಮೈಸೂರು, ಚಾಮರಾಜನಗರ 2001ರ ಅನುಕ್ರಮದಲ್ಲೇ 573ರಿಂದ 578ರವರೆಗೆ ಸಾಗುತ್ತವೆ. ಅಂದರೆ 2001 ಮತ್ತು 2011ರ ನಡುವೆ ನಿಮ್ಮ ಕೆಲಸ ಹಗುರ. ತೊಡಕಿರುವುದು 1991ರಲ್ಲಿ ಮಾತ್ರ.

ಪಿನ್ ಕೋಡ್ ಬೇಡವೇ ಬೇಡ. 1972ರ ಆಗಸ್ಟ್ 15ರಂದು ಅದು ಬಂದದ್ದು ಕಾಗದ ವಿಂಗಡಿಸುವುದಕ್ಕೆ. ಮಂಡ್ಯ 571401, ಮಡಿಕೇರಿ 571201, ಚಾಮರಾಜನಗರ 571313. ಮೂರು ಜಿಲ್ಲೆಗಳಿಗೆ ಒಂದೇ 571. ಅಂಚೆಯವರಿಗೆ ಬೇಕಾದದ್ದು ಬಟವಾಡೆಯ ದಾರಿ, ತಾಲ್ಲೂಕಿನ ಗಡಿಯಲ್ಲ.

ಕುವೆಂಪುನಗರದವನು, ಈಗ ಮ್ಯೂನಿಕ್‌ನಲ್ಲಿ

ಮೇಡಂ ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಯುರೋಪಿನ ಅಂಕಿಅಂಶ ಕಚೇರಿ 'ನಟ್ಸ್' ಎಂಬ ಪ್ರದೇಶಗಳ ವರ್ಗೀಕರಣವನ್ನು 1970ರ ದಶಕದಿಂದ ಬಳಸುತ್ತಿದೆ. 2003ರಲ್ಲಿ ಅದಕ್ಕೆ ಕಾನೂನಿನ ಬಲವೂ ಬಂತು. ಜರ್ಮನಿ ಡಿಇ, ಬವೇರಿಯಾ ಡಿಇ2, ಮೇಲಿನ ಬವೇರಿಯಾ ಡಿಇ21, ಮ್ಯೂನಿಕ್ ನಗರ ಡಿಇ212. ಸಂಕೇತವನ್ನು ನೋಡಿದೊಡನೆ ಯಾವುದು ಯಾವುದರೊಳಗಿದೆ ಎಂದು ತಿಳಿಯುತ್ತದೆ. ಹಂತಗಳಿಗೆ ಜನಸಂಖ್ಯೆಯ ಮಿತಿಯಿದೆ: ಮೊದಲನೆಯದಕ್ಕೆ 30ರಿಂದ 70 ಲಕ್ಷ, ಎರಡನೆಯದಕ್ಕೆ 8ರಿಂದ 30 ಲಕ್ಷ, ಮೂರನೆಯದಕ್ಕೆ 1.5ರಿಂದ 8 ಲಕ್ಷ. 2011ರ ಮಂಡ್ಯ 18,05,769 ಜನರೊಂದಿಗೆ ಎರಡನೆಯ ಹಂತಕ್ಕೆ ಸಲೀಸಾಗಿ ಹೊಂದುತ್ತದೆ. ಮೈಸೂರು 30,01,127, ಮಿತಿಗಿಂತ ಕೂದಲೆಳೆಯಷ್ಟು ಮೇಲೆ.

ನನಗೆ ಮುಖ್ಯವೆನಿಸುವುದು ಬೇರೆ. ಸಾಮಾನ್ಯವಾಗಿ ಮೂರು ವರ್ಷಕ್ಕೊಮ್ಮೆಗಿಂತ ಹೆಚ್ಚಾಗಿ ಪಟ್ಟಿಯನ್ನು ಬದಲಿಸುವಂತಿಲ್ಲ. ಬದಲಿಸಿದ ದೇಶವೇ ಹೊಸ ಮೇರೆಗಳಿಗೆ ಹೊಂದುವ ಹಿಂದಿನ ವರ್ಷಗಳ ಅಂಕಿಅಂಶಗಳನ್ನು ಒದಗಿಸಬೇಕು.

ಮದ್ದೂರು ಕಡೆಯ ಪಂಚಾಯಿತಿ ಡೇಟಾ ಎಂಟ್ರಿ

ಪಂಚಾಯತ್ ರಾಜ್ ಸಚಿವಾಲಯದ ಸ್ಥಳೀಯ ಸರ್ಕಾರಗಳ ಡೈರೆಕ್ಟರಿಯನ್ನೂ ನೋಡಿ. ಅಲ್ಲಿ ಗ್ರಾಮದ ಸಂಕೇತದ ಪಕ್ಕದಲ್ಲಿ 2011ರ ಜನಗಣತಿ ಸಂಕೇತವಿರುತ್ತದೆ. ಹೊಸಹಳ್ಳಿ, ಹೊಸೂರು ಎಂದು ಹುಡುಕಿದರೆ ಎಷ್ಟೊಂದು ಊರು ಬರುತ್ತವೆ. ಆರಂಕಿಯ ಸಂಕೇತವಿದ್ದರೆ ಒಂದೇ. ಬೇಚರಾಕ್ (ಜನವಸತಿಯಿಲ್ಲದ) ಗ್ರಾಮಗಳಿಗೂ ಸಂಕೇತವಿದೆ, ಜನ ಸೊನ್ನೆಯೆಂದು ಅಳಿಸಬೇಡಿ, ಜಮೀನು ಇರುತ್ತದೆ. ಹೋಬಳಿ ಮಟ್ಟದ ಕಂದಾಯ ಲೆಕ್ಕ ಬಳಸುವುದಾದರೆ ಎಚ್ಚರ: ಜನಗಣತಿ ತಾಲ್ಲೂಕಿನಿಂದ ನೇರವಾಗಿ ಗ್ರಾಮಕ್ಕೆ ಇಳಿಯುತ್ತದೆ, ನಡುವೆ ಹೋಬಳಿಯಿಲ್ಲ. ನಮ್ಮ ತಾಲ್ಲೂಕುಗಳ ಐದಂಕಿಯ ಸಂಕೇತ ಸೊನ್ನೆಯಿಂದ ಶುರುವಾಗುತ್ತದೆ. ಎಕ್ಸೆಲ್‌ನಲ್ಲಿ ಕಾಲಂ ಅನ್ನು ಪಠ್ಯವಾಗಿ ಇಡದಿದ್ದರೆ ಆ ಸೊನ್ನೆ ಬಿದ್ದುಹೋಗಿ ಒಂದು ಸಾಲೂ ಹೊಂದುವುದಿಲ್ಲ.

ಪಾಂಡವಪುರದ ವಿದ್ಯಾರ್ಥಿ

ಎಲ್ಲರಿಗೂ ನಮಸ್ಕಾರ. ಸೊನ್ನೆ ಬಿದ್ದೇ ಹೋಗಿತ್ತು, ಈಗ ಸಾಲುಗಳು ಕೂಡುತ್ತಿವೆ. ಮೇಡಂ, ಸರಗೂರು, ಸಾಲಿಗ್ರಾಮ ಈಗ ಪ್ರತ್ಯೇಕ ತಾಲ್ಲೂಕುಗಳು. ಅವನ್ನು ತೋರಿಸಬೇಕೇ?

ನಿವೃತ್ತ ಅಂಕಿಅಂಶ ಸಹಾಯಕಿ, ಸರಸ್ವತಿಪುರಂ

ನಿಮ್ಮ ಅವಧಿ 2011ಕ್ಕೆ ಮುಗಿಯುತ್ತದೆ. ಆಗ ಸರಗೂರು ಎಚ್.ಡಿ. ಕೋಟೆಯೊಳಗೆ, ಸಾಲಿಗ್ರಾಮ ಕೆ.ಆರ್. ನಗರದೊಳಗೆ. ಹಾಗೆಯೇ ಇರಲಿ. ಆದರೆ ಗ್ರಾಮಮಟ್ಟದ ಪಟ್ಟಿಯಲ್ಲಿ ಇನ್ನೊಂದು ಕಾಲಂ ಮಾಡಿ, ಇಂದಿನ ತಾಲ್ಲೂಕನ್ನೂ ಬರೆದಿಡಿ. 2027ರ ಜನಗಣತಿಯ ಅಂಕಿಗಳು ಬಂದಾಗ ಸರಗೂರಿನ 2011ರ ಜನಸಂಖ್ಯೆ ಎಷ್ಟಿತ್ತು ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಹಳ್ಳಿಗಳನ್ನು ಕೂಡಿಸಿ ಉತ್ತರ ಕೊಡಬಹುದು. ಮೈಸೂರಿನ ಹೊರವಲಯದಲ್ಲಿ ಇನ್ನೂ ಜಾಗ್ರತೆ ಬೇಕು: 2011ರ ನಂತರ ಹೂಟಗಳ್ಳಿ ನಗರಸಭೆಯಾಯಿತು, ಬೋಗಾದಿ ಪಟ್ಟಣ ಪಂಚಾಯಿತಿಯಾಯಿತು.

ಮ್ಯೂನಿಕ್‌ನವರು ಹೇಳಿದ ನಿಯಮ ನಮ್ಮಲ್ಲಿಯೂ ಬರಬೇಕು. ಜಿಲ್ಲೆ, ತಾಲ್ಲೂಕು ಒಡೆಯುವ ಅಧಿಸೂಚನೆಯ ಜೊತೆಗೇ ಯಾವ ಗ್ರಾಮದ ಸಂಕೇತ ಎಲ್ಲಿಂದ ಎಲ್ಲಿಗೆ ಹೋಯಿತು ಎಂಬ ಪಟ್ಟಿ ಪ್ರಕಟವಾಗಬೇಕು. ಅದು ಆಗುವವರೆಗೆ ನಿಮ್ಮಂಥವರು ಕೈಯಾರೆ ಮಾಡುವ ಪಟ್ಟಿಯೇ ಗತಿ. ಮುಗಿದ ಮೇಲೆ ನಿಮ್ಮದನ್ನು ಇಲ್ಲಿ ಹಾಕಿ, ಕಾಲಂ ತಲೆಯಲ್ಲಿ ಗಣತಿಯ ವರ್ಷವನ್ನು ತಪ್ಪದೆ ನಮೂದಿಸಿ. 1991ರ ಆ ನಾಲ್ಕು ತಾಲ್ಲೂಕುಗಳನ್ನು ನಾನು ತಾಳೆ ನೋಡಿಕೊಡುತ್ತೇನೆ.