ಡ್ರೆಸಾಜ್‌ನಲ್ಲಿ ಜಡ್ಜ್ ನೋಡುವುದು ಕುದುರೆಯನ್ನೋ, ಸವಾರರನ್ನೋ?

ಯಲಹಂಕ_ಅಮ್ಮ

ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ 13 ವರ್ಷ, ರೈಡಿಂಗ್ ಸ್ಕೂಲಿನಲ್ಲಿ ಡ್ರೆಸಾಜ್ (ಕುದುರೆಯಿಂದ ನಿಗದಿತ ಚಲನೆಗಳನ್ನು ಮಾಡಿಸಿ ಅಂಕ ಪಡೆಯುವ ಸ್ಪರ್ಧೆ) ಕಲಿಯುತ್ತಿದ್ದಾಳೆ. ಅವಳಿಗೆ ಕೊಟ್ಟಿರುವುದು ರೇಸ್ ಬಿಟ್ಟು ಬಂದ ಒಂದು ಥರೋಬ್ರೆಡ್ ಹೆಣ್ಣು ಕುದುರೆ. ಈಚಿನ ಸ್ಪರ್ಧೆಯಲ್ಲಿ ಇಬ್ಬರಿಗೂ ಸೇರಿ ಶೇ. 61 ಬಂತು. ಅವಳ ಗೆಳತಿ ಯುರೋಪಿನಿಂದ ತರಿಸಿದ ವಾರ್ಮ್‌ಬ್ಲಡ್ (ಇಂಥ ಸವಾರಿಗೆಂದೇ ಬೆಳೆಸಿದ ತಳಿ) ಕುದುರೆಯ ಮೇಲೆ ಶೇ. 66 ತೆಗೆದಳು. "ಅವಳ ಕುದುರೆ ಚೆನ್ನಾಗಿದೆ, ಅಷ್ಟೇ" ಅಂದು ಮಗಳು ಸುಮ್ಮನಾದಳು. ನನಗೆ ಸಮಾಧಾನ ಆಗಲಿಲ್ಲ.

2023ರಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ನಮ್ಮ ಡ್ರೆಸಾಜ್ ತಂಡ ಚಿನ್ನ ಗೆದ್ದಾಗ ಮನೆಮಂದಿಯೆಲ್ಲ ಕೂತು ನೋಡಿದ್ದೆವು. ಆಗಲೂ ಇದೇ ಪ್ರಶ್ನೆ ಬಂದಿತ್ತು. ಸವಾರರು ಏನೂ ಮಾಡದೆ ಕೂತಂತೆ ಕಾಣುತ್ತದೆ, ಕುದುರೆಯೇ ಎಲ್ಲ ಮಾಡುತ್ತದೆ. ಹಾಗಾದರೆ ಸವಾರರ ಕೌಶಲ ಯಾವುದು, ಕುದುರೆಯ ಹುಟ್ಟುಗುಣ ಯಾವುದು, ಇಬ್ಬರ ಹೊಂದಾಣಿಕೆ ಯಾವುದು ಅಂತ ಬೇಲಿಯ ಆಚೆ ನಿಂತವರು ತಿಳಿಯುವುದು ಹೇಗೆ? ಗೊತ್ತಿರುವವರು ಬಿಡಿಸಿ ಹೇಳಿ.

ಎಕ್ಸ್‌ನಲ್ಲಿ_ಹಾಲ್ಟ್

ಮೊದಲು ಲೆಕ್ಕ ಹೇಳುತ್ತೇನೆ. ಪ್ರತಿ ಚಲನೆಗೂ 0ಯಿಂದ 10ರವರೆಗೆ ಅಂಕ, ಅರ್ಧ ಅಂಕವೂ ಉಂಟು. 5 ಅಂದರೆ ಅಂಚಿನಲ್ಲಿದೆ, 6 ಅಂದರೆ ತೃಪ್ತಿಕರ, 7 ಅಂದರೆ ಸಾಕಷ್ಟು ಚೆನ್ನಾಗಿದೆ. ಕೆಲವು ಚಲನೆಗಳ ಅಂಕವನ್ನು ಎರಡರಿಂದ ಗುಣಿಸುತ್ತಾರೆ. ಎಲ್ಲ ಕೂಡಿಸಿ ಶೇಕಡಾ ತೆಗೆಯುತ್ತಾರೆ. ಶೇ. 61 ಅಂದರೆ ಸರಾಸರಿ 6ಕ್ಕಿಂತ ಸ್ವಲ್ಪ ಮೇಲೆ. ರೇಸ್ ಕುದುರೆಯ ಮೇಲೆ ಅದು ಕಡಿಮೆ ಏನಲ್ಲ.

ಈವೆಂಟಿಂಗ್‌ನಲ್ಲಿ (ಡ್ರೆಸಾಜ್, ಬಯಲಿನ ಅಡೆತಡೆ ದಾಟುವ ಕ್ರಾಸ್ ಕಂಟ್ರಿ, ಜಂಪಿಂಗ್ ಮೂರೂ ಸೇರಿದ ಸ್ಪರ್ಧೆ) ಇದನ್ನೇ ತಿರುಗಿಸಿ, ನೂರರಿಂದ ಕಳೆದು ಪೆನಾಲ್ಟಿ ಮಾಡುತ್ತಾರೆ. ನಮ್ಮ ಬೆಂಗಳೂರಿನ ಫವಾದ್ ಮಿರ್ಜಾ ಟೋಕಿಯೊ ಒಲಿಂಪಿಕ್ಸ್‌ನ ಡ್ರೆಸಾಜ್ ಹಂತದಲ್ಲಿ ಪಡೆದದ್ದು 28.00 ಪೆನಾಲ್ಟಿ. ಅಂದರೆ ಶೇ. 72. ಆ ಹಂತ ಮುಗಿದಾಗ 9ನೇ ಸ್ಥಾನ. ಕ್ರಾಸ್ ಕಂಟ್ರಿಗೆ ಹುರಿಗೊಳಿಸಿದ ಕುದುರೆ ಅದಕ್ಕೆ ಮುಂಚೆ ಅಷ್ಟು ಶಾಂತವಾಗಿ ಮಾತು ಕೇಳಬೇಕಾದರೆ ಮೇಲೆ ಕೂತವರ ಕೆಲಸ ಎಷ್ಟಿರಬೇಕು ಯೋಚಿಸಿ.

ಮಗಳು ಹೇಳಿದ್ದು ಅರ್ಧ ನಿಜ. ಒಳ್ಳೆಯ ಟ್ರಾಟ್ (ಎರಡು ಬಡಿತದ ಹದ ಓಟ) ಇರುವ ಕುದುರೆಗೆ ಶುರುವಿನಲ್ಲೇ ಅಂಕ ಜಾಸ್ತಿ ಸಿಗುತ್ತದೆ. ಇನ್ನರ್ಧವನ್ನು ನನಗಿಂತ ತಿಳಿದವರು ಹೇಳಲಿ.

ಹಾಸನ_ವೆರ್ಡನ್

ನಾನು ಹಾಸನದವಳು. ಈಗ ಇರುವುದು ಉತ್ತರ ಜರ್ಮನಿಯ ವೆರ್ಡನ್ ಹತ್ತಿರ, ಹ್ಯಾನೋವೇರಿಯನ್ ಕುದುರೆಗಳ ಸೀಮೆ. ವಾರಾಂತ್ಯದ ಸ್ಪರ್ಧೆಗಳಲ್ಲಿ ಜಡ್ಜ್ ಪಕ್ಕದಲ್ಲಿ ಕೂತು ಅವರು ಹೇಳುವ ಅಂಕ, ಟಿಪ್ಪಣಿ ಬರೆದುಕೊಳ್ಳುತ್ತೇನೆ. ಜಡ್ಜ್ ಕಣ್ಣು ಕುದುರೆಯಿಂದ ಕದಲಬಾರದು, ಅದಕ್ಕೇ ಬರೆಯುವವರು ಬೇರೆ.

ಅಲ್ಲಿ ಕಿವಿಗೆ ಬೀಳುವ ಮಾತು ಬಹುಪಾಲು ಕುದುರೆಯದೇ. "ಲಯ ಹೋಯಿತು", "ಹಿಂಗಾಲು ಹಿಂದೆ ಉಳಿಯಿತು", "ಮೂಗು ಎದೆಗೆ ಬಂತು". ಸವಾರರ ಹೆಸರೇ ಬರುವುದಿಲ್ಲ. ಆದರೆ ಈ ಪ್ರತಿಯೊಂದು ಮಾತಿನ ಹಿಂದೆಯೂ ಸವಾರರು ಏನೋ ಮಾಡಿರುತ್ತಾರೆ, ಇಲ್ಲವೇ ಮಾಡಬೇಕಾದ್ದನ್ನು ಬಿಟ್ಟಿರುತ್ತಾರೆ. ಕುದುರೆಯನ್ನು ನೋಡಿಯೇ ಸವಾರರನ್ನು ಅಳೆಯಬೇಕು. ನನಗೆ ಇದರಲ್ಲಿ ಯಾವ ಅನುಮಾನವೂ ಇಲ್ಲ.

ಎಲ್ಲಿ ನೋಡಬೇಕು ಅಂದರೆ, ಕಾಲು ಎತ್ತಿ ಎತ್ತಿ ಹಾಕುವ ಸುಂದರ ಟ್ರಾಟ್‌ನಲ್ಲಲ್ಲ. ಅದು ತಾಯಿತಂದೆಯಿಂದ ಬಂದದ್ದು. ಒಂದು ನಡೆಯಿಂದ ಇನ್ನೊಂದಕ್ಕೆ ಬದಲಾಗುವ ಕ್ಷಣದಲ್ಲಿ ನೋಡಿ. ಟ್ರಾಟ್‌ನಿಂದ ವಾಕ್‌ಗೆ, ಅಂದರೆ ನಡಿಗೆಗೆ, ಬರುವಾಗ ಸವಾರರು ಬರೀ ಕೈಯಿಂದ ಎಳೆದರೆ ಕುದುರೆಯ ತಲೆ ಮೇಲೇಳುತ್ತದೆ, ಬಾಯಿ ತೆರೆಯುತ್ತದೆ, ಹಿಂಗಾಲು ಗಕ್ಕನೆ ನಿಂತು ಭಾರವೆಲ್ಲ ಮುಂದಿನ ಭುಜಕ್ಕೆ ಬೀಳುತ್ತದೆ. ಅದೇ ಸವಾರರು ಸೊಂಟದಿಂದ ತಡೆದು, ಕಾಲು ಹಗುರವಾಗಿ ಒತ್ತಿಯೇ ಇಟ್ಟರೆ ಹಿಂಗಾಲು ಹೊಟ್ಟೆಯ ಕೆಳಗೆ ಬರುತ್ತದೆ. ವಾಕ್‌ನ ಮೊದಲ ಹೆಜ್ಜೆಯಿಂದಲೇ ನಾಲ್ಕು ಬಡಿತ ಸ್ಪಷ್ಟ ಕೇಳುತ್ತದೆ. ಎಷ್ಟೇ ದುಬಾರಿ ಕುದುರೆಯಾದರೂ ಈ ಕ್ಷಣದಲ್ಲಿ ಸವಾರರ ಕೆಲಸವನ್ನು ಮುಚ್ಚಿಡಲಾರದು.

ಆಮೇಲೆ ವಾಕ್. ನೋಡುವವರು ಇದೇ ಹೊತ್ತಿಗೆ ಫೋನ್ ತೆಗೆಯುತ್ತಾರೆ, ಏಕೆಂದರೆ ಏನೂ ನಡೆಯುತ್ತಿಲ್ಲ ಅನ್ನಿಸುತ್ತದೆ. ನನಗೆ ಇಡೀ ಪರೀಕ್ಷೆಯಲ್ಲಿ ಇಷ್ಟವಾದ ಭಾಗ ಇದು. ಕುದುರೆಗೆ ಒಳಗೆ ಗಾಬರಿ ಇದ್ದರೆ ಮೊದಲು ಕೆಡುವುದು ವಾಕ್. ಒಂದೇ ಬದಿಯ ಮುಂಗಾಲು, ಹಿಂಗಾಲು ಒಟ್ಟಿಗೆ ಏಳತೊಡಗಿ ನಾಲ್ಕು ಬಡಿತ ಎರಡಾಗುತ್ತದೆ. ಲಗಾಮು ಸಡಿಲ ಬಿಟ್ಟು ಮೂಲೆಯಿಂದ ಮೂಲೆಗೆ ನಡೆಸುವ ಭಾಗ ಬರುತ್ತದಲ್ಲ, ಅಲ್ಲಿ ಕುದುರೆ ಕತ್ತನ್ನು ಮುಂದಕ್ಕೂ ಕೆಳಕ್ಕೂ ಚಾಚಿ ಬಿಟ್ (ಬಾಯಲ್ಲಿರುವ ಕಡಿವಾಣ) ಎಲ್ಲಿದೆ ಅಂತ ಹುಡುಕಿಕೊಂಡು ಹೋಗಬೇಕು. ಸವಾರರ ಕೈಯನ್ನು ನಂಬಿದ ಕುದುರೆ ಹಾಗೆ ಹೋಗುತ್ತದೆ. ಕೈಗೆ ಹೆದರಿದ ಕುದುರೆ ಲಗಾಮು ಸಡಿಲವಾದರೂ ಕತ್ತು ಮುದುರಿಕೊಂಡೇ ನಡೆಯುತ್ತದೆ. ಮತ್ತೆ ಲಗಾಮು ಎತ್ತಿಕೊಳ್ಳುವಾಗ ಏನಾಗುತ್ತದೆ ಅನ್ನುವುದನ್ನೂ ತಪ್ಪದೆ ನೋಡಿ. ಬೆನ್ನು ಬಿಗಿ ಮಾಡದೆ, ಓಡಲು ಶುರು ಮಾಡದೆ ಆ ಲಗಾಮನ್ನು ಒಪ್ಪಿಕೊಂಡರೆ ಅವರಿಬ್ಬರ ನಡುವೆ ದಿನನಿತ್ಯದ ಕೆಲಸ ಚೆನ್ನಾಗಿ ನಡೆದಿದೆ ಎಂದರ್ಥ.

ಕ್ಯಾಂಟರ್‌ನಲ್ಲಿ (ಟ್ರಾಟ್‌ಗಿಂತ ವೇಗದ ಮೂರು ಬಡಿತದ ಓಟ) ಸವಾರರು ಕೈಯನ್ನು ಒಂದೆರಡು ಹೆಜ್ಜೆ ಮುಂದೆ ಚಾಚಿ ಲಗಾಮು ಬಿಟ್ಟು ಮತ್ತೆ ಹಿಡಿಯುವ ಚಲನೆ ಕೆಲವು ಪರೀಕ್ಷೆಗಳಲ್ಲಿದೆ. ಕುದುರೆ ತನ್ನ ಭಾರ ತಾನೇ ಹೊತ್ತಿದ್ದರೆ ಆ ಹೊತ್ತಿನಲ್ಲಿ ಏನೂ ಬದಲಾಗುವುದಿಲ್ಲ. ಕೈಗೆ ಜೋತುಬಿದ್ದಿದ್ದರೆ ತಕ್ಷಣ ಓಟ ಕೀಳುತ್ತದೆ ಅಥವಾ ಮುಗ್ಗರಿಸುತ್ತದೆ.

ಸವಾರರು ಏನೂ ಮಾಡದಂತೆ ಕಾಣುತ್ತದೆ ಅಂದಿರಿ. ಕೈ ಅಲ್ಲಾಡದಂತೆ ಕಾಣುವುದು ಅದು ಕುದುರೆಯ ಬಾಯಿಯ ಜೊತೆಗೇ ಹೋಗುತ್ತಿರುವುದರಿಂದ. ವಾಕ್‌ನಲ್ಲಿ, ಕ್ಯಾಂಟರ್‌ನಲ್ಲಿ ಕುದುರೆಯ ಕತ್ತು ಹಿಂದೆ ಮುಂದೆ ಹೋಗುತ್ತದೆ. ಅಂದವಾಗಿ ಕಾಣಲಿ ಅಂತ ಕೈಯನ್ನು ಗಟ್ಟಿಯಾಗಿ ಒಂದೇ ಜಾಗದಲ್ಲಿ ಇಟ್ಟರೆ ಪ್ರತಿ ಹೆಜ್ಜೆಗೂ ಬಾಯಿಗೆ ಪೆಟ್ಟು. ಫೋಟೋದಲ್ಲಿ ಇದು ಗೊತ್ತಾಗುವುದೇ ಇಲ್ಲ.

ಒಂದು ದೊಡ್ಡ ಉದಾಹರಣೆ ಕೊಡುತ್ತೇನೆ. ಟೊಟಿಲಾಸ್ ಅನ್ನುವ ಕಪ್ಪು ಗಂಡು ಕುದುರೆ. ನೆದರ್ಲೆಂಡ್ಸ್‌ನ ಎಡ್ವರ್ಡ್ ಗಾಲ್ ಅದರ ಮೇಲೆ 2009ರಲ್ಲಿ ವಿಶ್ವದಾಖಲೆ ಬರೆದರು, 2010ರಲ್ಲಿ ಕೆಂಟಕಿಯ ವಿಶ್ವಕೂಟದಲ್ಲಿ ಮೂರು ಚಿನ್ನ ಗೆದ್ದರು. ಅದೇ ವರ್ಷ ಕುದುರೆ ಜರ್ಮನಿಗೆ ಮಾರಾಟವಾಯಿತು. ಮತಿಯಾಸ್ ರಾತ್ ಸವಾರಿ ಮಾಡಿದರು, ಒಳ್ಳೆಯ ಸವಾರರೇ. ಗಾಯಗಳೂ ಕಾಡಿದವು ನಿಜ. ಆದರೆ ಗಾಯವಿಲ್ಲದ ದಿನಗಳಲ್ಲೂ ಆ ಮೊದಲಿನ ಎತ್ತರ ಮತ್ತೆ ಸಿಗಲಿಲ್ಲ. ಕುದುರೆಯದೇ ಎಲ್ಲ ಅನ್ನುವುದಾದರೆ ಹೀಗೆ ಆಗಬಾರದಿತ್ತು, ಅಲ್ವಾ?

ಇನ್ನೊಬ್ಬರು ಡೆನ್ಮಾರ್ಕ್‌ನ ಲಿಸ್ ಹಾರ್ಟೆಲ್. ಪೋಲಿಯೊದಿಂದ ಮೊಣಕಾಲಿನ ಕೆಳಗೆ ಸ್ವಾಧೀನ ಇರಲಿಲ್ಲ. ಕುದುರೆ ಹತ್ತಲು, ಇಳಿಯಲು ಬೇರೆಯವರ ನೆರವು ಬೇಕಿತ್ತು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿಗೆ ಹೆಂಗಸರಿಗೂ ಡ್ರೆಸಾಜ್‌ಗೆ ಅವಕಾಶ ಕೊಟ್ಟಾಗ ಜೂಬಿಲಿ ಎಂಬ ಹೆಣ್ಣು ಕುದುರೆಯ ಮೇಲೆ ಬೆಳ್ಳಿ ಗೆದ್ದರು. 1956ರಲ್ಲಿ ಮತ್ತೆ ಬೆಳ್ಳಿ. ನಾವೆಲ್ಲ ಮೊಣಕಾಲಿನ ಕೆಳಗಿನ ಒತ್ತಡದಿಂದ ಕೊಡುವ ಸೂಚನೆಯನ್ನು ಅವರು ಬೆನ್ನಿನಿಂದ, ಭಾರ ಬದಲಿಸಿ ಕೊಟ್ಟರು. ಜೂಬಿಲಿ ಅದನ್ನು ಕಲಿತಳು. ಹೊಂದಾಣಿಕೆ ಅಂದಾಗ ನನಗೆ ಮೊದಲು ನೆನಪಾಗುವುದು ಇವರಿಬ್ಬರೇ.

ನಿಮ್ಮ ಮಗಳ ಕುದುರೆಯ ವಿಷಯಕ್ಕೆ ಬರುತ್ತೇನೆ. ರೇಸ್‌ನಲ್ಲಿ ಲಗಾಮು ಬಿಗಿಯಾದರೆ ಬಿಟ್ ಮೇಲೆ ಒರಗಿ ಇನ್ನೂ ಜೋರಾಗಿ ಓಡುವುದು ಅಭ್ಯಾಸ. ಡ್ರೆಸಾಜ್‌ನಲ್ಲಿ ಅದೇ ಸೂಚನೆಗೆ ಹಿಂದಕ್ಕೆ ಕೂತು ಕಾಯಬೇಕು. ಅಂಥ ಕುದುರೆಯನ್ನು 6ರ ಮೇಲೆ ತಂದಿದ್ದಾಳೆ ಅಂದರೆ ಆ ಹುಡುಗಿಯ ಕೈಯಲ್ಲಿ ತಾಳ್ಮೆ ಇದೆ. ಅಂಕದ ಹಾಳೆ ಇದ್ದರೆ ಹೇಳಿ, ಯಾವ ಚಲನೆಗೆ ಎಷ್ಟು ಬಂತು?

ಬನ್ನಿಮಂಟಪ

ಹಾಸನದವರು ಹೇಳಿದ್ದನ್ನು ಒಪ್ಪುತ್ತೇನೆ, ಒಂದು ಮಾತು ಸೇರಿಸಬೇಕು. ನಾನು ಮೈಸೂರಿನಲ್ಲಿ ಅಶ್ವಾರೋಹಿ ಪೊಲೀಸ್ ದಳದಲ್ಲಿದ್ದವನು. ನಮ್ಮಲ್ಲಿ ಶೇಕಡಾ ಇಲ್ಲ. ದಸರಾಕ್ಕೆ ಮೊದಲು ಫಿರಂಗಿ ಸದ್ದಿನ ತಾಲೀಮು ನಡೆಯುತ್ತದೆ, ಆನೆಗಳ ಜೊತೆ ನಮ್ಮ ಕುದುರೆಗಳೂ ನಿಲ್ಲುತ್ತವೆ. ಸದ್ದಾದಾಗ ಯಾವ ಕುದುರೆಯೂ ಬೆಚ್ಚುತ್ತದೆ. ಬೆಚ್ಚಿದ ಮರುಕ್ಷಣ ಒಂದು ಕಿವಿಯನ್ನು ಹಿಂದೆ, ಸವಾರನ ಕಡೆ ತಿರುಗಿಸಿತಾ ಅಂತ ನಾವು ನೋಡುತ್ತಿದ್ದೆವು. ತಿರುಗಿಸಿದರೆ ಅದು ಅವನನ್ನು ಕೇಳುತ್ತಿದೆ. ಎರಡೂ ಕಿವಿ ಸದ್ದಿನ ಕಡೆಗೇ ನೆಟ್ಟರೆ ಸವಾರ ಅದರ ಪಾಲಿಗೆ ಇಲ್ಲ.

ಡ್ರೆಸಾಜ್ ಪರೀಕ್ಷೆ ಕೆಲವೇ ನಿಮಿಷದ್ದು. ಆ ನಿಮಿಷಗಳಲ್ಲಿ ಕಂಡದ್ದೇ ಹೊಂದಾಣಿಕೆ ಅನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಒಲಿಂಪಿಕ್ ಚಿನ್ನ ಗೆದ್ದ ಬ್ರಿಟನ್ನಿನ ಷಾರ್ಲೆಟ್ ಡುಜಾರ್ಡಿನ್ 2024ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಮುಂಚೆ ಹಿಂದೆ ಸರಿಯಬೇಕಾಯಿತು. ತರಬೇತಿಯಲ್ಲಿ ಕುದುರೆಯ ಕಾಲಿಗೆ ಚಾವಟಿಯಿಂದ ಪದೇ ಪದೇ ಹೊಡೆದ ಹಳೆಯ ವಿಡಿಯೊ ಹೊರಬಂದಿತ್ತು. ಒಂದು ವರ್ಷ ನಿಷೇಧವೂ ಆಯಿತು. ವಾಲೆಗ್ರೊ ಎಂಬ ಕುದುರೆಯ ಮೇಲೆ ಶೇ. 94.30 ತೆಗೆದು ದಾಖಲೆ ಮಾಡಿದವರು ಅವರೇ. ಆದ್ದರಿಂದ ವಾರ್ಮ್‌ಅಪ್ ಜಾಗಕ್ಕೂ ಹೋಗಿ, ಲಾಯಕ್ಕೂ ಹೋಗಿ. ಬಾಲ ಸಿಟ್ಟಿನಿಂದ ಬೀಸುತ್ತಿದೆಯಾ, ಹಲ್ಲು ಕಡಿಯುತ್ತಿದೆಯಾ, ಮೂಗುಪಟ್ಟಿ ಎಷ್ಟು ಬಿಗಿಯಿದೆ, ಇಳಿದ ಮೇಲೆ ಕುದುರೆ ಸವಾರರ ಹತ್ತಿರ ಬರುತ್ತದಾ ದೂರ ಹೋಗುತ್ತದಾ, ಎಲ್ಲ ನೋಡಿ.

ಹಾಸನ_ವೆರ್ಡನ್

ಬನ್ನಿಮಂಟಪ ಅವರೇ, ಕಿವಿಯ ಮಾತು ಬಹಳ ಸರಿ. ಇಲ್ಲಿ ಜಡ್ಜ್‌ಗಳೂ ಅದನ್ನು ಗಮನಿಸುತ್ತಾರೆ. ಆದರೆ ಜಡ್ಜ್ ಕಣ್ಣೆದುರು ಕಂಡದ್ದಕ್ಕೆ ಮಾತ್ರ ಅಂಕ ಕೊಡಬಹುದು. ಹಿಂದಿನ ದಿನ ಲಾಯದಲ್ಲಿ ಏನಾಯಿತು ಅಂತ ಊಹಿಸಿ ಕೊಡಲಾಗದು. ಅದಕ್ಕೇ ವಾರ್ಮ್‌ಅಪ್‌ನಲ್ಲಿ ಸ್ಟೀವರ್ಡ್‌ಗಳು, ಅಂದರೆ ಮೇಲ್ವಿಚಾರಕರು, ಇರುವುದು. ಅವರು ಇನ್ನೂ ಕಠಿಣವಾಗಬೇಕು ಅನ್ನುವುದರಲ್ಲಿ ನಾನು ನಿಮ್ಮ ಪಕ್ಷ. ಕುದುರೆಯ ಮೂಗು ಎದೆಗೆ ಅಂಟಿದಂತೆ ಬಹಳ ಹೊತ್ತು ಓಡಿಸುವುದನ್ನು ಕಂಡರೆ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಯಲಹಂಕ_ಅಮ್ಮ

ಇಷ್ಟು ವಿವರವಾಗಿ ಬರೆದಿದ್ದೀರಿ, ಎಲ್ಲರಿಗೂ ಧನ್ಯವಾದ. ಹಾಳೆ ತೆಗೆದು ನೋಡಿದೆ. ಅಂಗಳದ ನಡುಮಧ್ಯದ ಎಕ್ಸ್‌ನಲ್ಲಿ ಹಾಲ್ಟ್ (ನಿಲ್ಲುವುದು) 7. ಸಡಿಲ ಲಗಾಮಿನ ವಾಕ್ 7, ಅದಕ್ಕೆ ಎರಡರ ಗುಣಕ. ಟ್ರಾಟ್ 6, ಹೆಜ್ಜೆ ಉದ್ದ ಮಾಡುವ ಟ್ರಾಟ್ 5. ಟ್ರಾಟ್‌ನಿಂದ ಕ್ಯಾಂಟರ್‌ಗೆ ಎಡಗಡೆ 6, ಬಲಗಡೆ 4.5, "ತಲೆ ಮೇಲೆ, ಬಾಗುವಿಕೆ ಇಲ್ಲ" ಅಂತ ಟಿಪ್ಪಣಿ. ಕೊನೆಯಲ್ಲಿ ಸವಾರರ ಅಂಕ 7. ಗೆಳತಿಯ ಅಮ್ಮ ಅವಳ ಹಾಳೆಯನ್ನೂ ತೋರಿಸಿದರು. ಟ್ರಾಟ್ ಎಲ್ಲ 7, 7.5. ಸಡಿಲ ಲಗಾಮಿನ ವಾಕ್ 5.5. ಸವಾರರ ಅಂಕ 6.5.

ಹಾಗಾದರೆ ನನ್ನ ಮಗಳಿಗೆ ಶೇಕಡಾ ಏರಲು ದಾರಿ ಇದೆಯಾ, ಅಥವಾ ಕುದುರೆ ಬದಲಿಸಲೇಬೇಕಾ?

ಹಾಸನ_ವೆರ್ಡನ್

ಕುದುರೆ ಬದಲಿಸಬೇಡಿ. ಈ ಹಾಳೆ ಓದಿ ನನಗೆ ತುಂಬಾ ಖುಷಿಯಾಯಿತು. ರೇಸ್ ಬಿಟ್ಟು ಬಂದ ಕುದುರೆ ಸಡಿಲ ಲಗಾಮಿನಲ್ಲಿ 7 ತೆಗೆಯುವುದು ಸುಮ್ನೆ ಆಗುವ ಮಾತಲ್ಲ. ಅಲ್ಲಿ ನಂಬಿಕೆ ಇದೆ. ಸವಾರರ ಅಂಕದಲ್ಲಿ ಜಡ್ಜ್ ಅದನ್ನೇ ಗುರುತಿಸಿದ್ದಾರೆ, ನಿಮ್ಮ ಮಗಳಿಗೆ ಗೆಳತಿಗಿಂತ ಅರ್ಧ ಅಂಕ ಜಾಸ್ತಿ. ಟ್ರಾಟ್‌ನ ವ್ಯತ್ಯಾಸ ಕುದುರೆಯ ಹುಟ್ಟಿನದು. ಅದರ ಬಗ್ಗೆ ಈ ಹುಡುಗಿ ಕೊರಗಬೇಕಿಲ್ಲ.

ಕೆಲಸ ಇರುವುದು ಆ ಬಲಗಡೆಯ 4.5ರಲ್ಲಿ. ರೇಸ್ ಕುದುರೆಗಳಲ್ಲಿ ಒಂದು ಬದಿ ಹೆಚ್ಚು ಬಿಗಿ ಇರುವುದು ಸಾಮಾನ್ಯ. ಕೋಚ್ ಹತ್ತಿರ ಮಾತಾಡಿ, 20 ಮೀಟರ್ ವೃತ್ತದಲ್ಲಿ ಬಲಗಡೆ ಟ್ರಾಟ್‌ನಿಂದ ವಾಕ್, ವಾಕ್‌ನಿಂದ ಟ್ರಾಟ್ ಜಾಸ್ತಿ ಮಾಡಿಸಿ. ಕ್ಯಾಂಟರ್ ಕೇಳುವುದು ಆಮೇಲೆ. ವೃತ್ತದ ಒಳಗಿನ ಕಾಲಿನಿಂದ ಒತ್ತಿದ್ದು ಹೊರಗಿನ ಲಗಾಮಿಗೆ ಬಂದು ಸೇರಬೇಕು. ಒಳಗಿನ ಲಗಾಮಿನಿಂದ ಕತ್ತು ಎಳೆದು ಬಾಗಿಸಿದರೆ ಜಡ್ಜ್‌ಗೆ ತಕ್ಷಣ ಗೊತ್ತಾಗುತ್ತದೆ. ಮೂಲೆಗಳು, ವೃತ್ತದ ಅಳತೆ, ಅಂಗಳದ ಅಂಚಿನಲ್ಲಿ ಗುರುತಿಗೆ ಇಟ್ಟ ಅಕ್ಷರದ ಎದುರಿಗೇ ಚಲನೆ ಶುರು ಮಾಡುವುದು, ಇವಕ್ಕೆಲ್ಲ ದುಬಾರಿ ಕುದುರೆ ಬೇಕಿಲ್ಲ. ಅವೆಲ್ಲ ಅವಳ ಕೈಯಲ್ಲೇ ಇರುವ ಅಂಕಗಳು.

ಇನ್ನೊಂದು. 12ರಿಂದ 14 ವರ್ಷದವರಿಗೆ ಅಂತರರಾಷ್ಟ್ರೀಯ ಫೆಡರೇಷನ್‌ನ ಮಕ್ಕಳ ವಿಭಾಗದ ಪರೀಕ್ಷೆಗಳಿವೆ. ಅಲ್ಲಿ ಸವಾರಿಯ ಗುಣಕ್ಕೇ ಬೇರೆ ಅಂಕ ಕೊಡುತ್ತಾರೆ. ಕೂರುವ ರೀತಿ, ಸೂಚನೆಗಳು ಎಷ್ಟು ಕೆಲಸ ಮಾಡುತ್ತವೆ, ನಿಖರತೆ, ಒಟ್ಟಾರೆ ಹೇಗೆ ಕಾಣುತ್ತದೆ ಅಂತ. ನಿಮ್ಮ ಹತ್ತಿರದ ಸ್ಪರ್ಧೆಗಳಲ್ಲಿ ಅಂಥದ್ದು ಇದ್ದರೆ ಅದಕ್ಕೇ ಹಾಕಿ.

ಮುಂದಿನ ಸಲ ವಿಡಿಯೊ ತೆಗೆಯುವಾಗ ಎರಡು ಕಡೆಯಿಂದ ತೆಗೆಯಿರಿ. ಅಂಗಳದ ಗಿಡ್ಡ ಬದಿಯ ನಡುವೆ ಇರುವ ಸಿ ಅಕ್ಷರದ ಹಿಂದಿನಿಂದ ನೋಡಿದರೆ ಕುದುರೆ ನೇರ ಬರುತ್ತಿದೆಯಾ, ಸೊಂಟ ಒಂದು ಪಕ್ಕಕ್ಕೆ ಹೋಗುತ್ತಿದೆಯಾ ಗೊತ್ತಾಗುತ್ತದೆ. ಉದ್ದ ಬದಿಗಳ ನಡುವೆ ಇರುವ ಇ ಅಥವಾ ಬಿ ಕಡೆಯಿಂದ ನೋಡಿದರೆ ಹಿಂಗಾಲು ಎಷ್ಟು ಒಳಗೆ ಬರುತ್ತದೆ, ಮೂಗು ಎಲ್ಲಿದೆ ಕಾಣುತ್ತದೆ. ದೊಡ್ಡ ಸ್ಪರ್ಧೆಗಳಲ್ಲಿ ಜಡ್ಜ್‌ಗಳನ್ನು ಬೇರೆ ಬೇರೆ ಅಕ್ಷರದಲ್ಲಿ ಕೂರಿಸುವುದು ಇದಕ್ಕೇ. ಬಲಗಡೆ ಕ್ಯಾಂಟರ್ ಶುರುವಾಗುವ ಮುಂಚಿನ ಮೂರ್ನಾಲ್ಕು ಹೆಜ್ಜೆ ಎರಡೂ ವಿಡಿಯೊದಲ್ಲಿ ಇರಲಿ. ಮಗಳು ಒಪ್ಪಿದರೆ ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.