ಅಪ್‌ಡೇಟ್: ಗೋಡೆಯ ಬೂಷ್ಟು ಮತ್ತು ಮಗಳ ಉಬ್ಬಸ
ತೀರ್ಥಹಳ್ಳಿಯ ನಮ್ಮ ಬಾಡಿಗೆ ಮನೆಯಲ್ಲಿ ಮಳೆಗಾಲದುದ್ದಕ್ಕೂ ಮಗಳಿಗೆ ಉಬ್ಬಸ ಬರುವುದಕ್ಕೆ ಗೋಡೆಯ ಬೂಷ್ಟು ಕಾರಣವಿರಬಹುದೇ ಎಂದು ಜೂನ್‌ನಲ್ಲಿ ಕೇಳಿದ್ದೆ. ತಾರಸಿಯ ನೀರಿಳಿಯುವ ಪೈಪು ಒಡೆದು, ಮಂಚದ ಹಿಂದಿನ ಗೋಡೆಗೇ ಮಳೆನೀರು ಇಂಗುತ್ತಿದ್ದುದನ್ನು ಗಾರೆ ಕೆಲಸದವರು ಪತ್ತೆಹಚ್ಚಿದರು; ಅದಕ್ಕೂ ಮೊದಲು ನಾವು ಎರಡು ಸಲ ಬಣ್ಣ ಬಳಿಸಿ ಹಣ ಕಳೆದುಕೊಂಡಿದ್ದೆವು, ಏಕೆಂದರೆ ತೇವ ಆರದಿದ್ದರೆ ಬೂಷ್ಟು ಹೊಸ ಬಣ್ಣದ ಮೇಲೂ ಹಬ್ಬುತ್ತದೆ. ಅದರ ಬೀಜಾಣುಗಳು ಉಸಿರಿನೊಂದಿಗೆ ಒಳಹೋಗಿ ಅಲರ್ಜಿಯಿರುವವರ ಶ್ವಾಸನಾಳವನ್ನು ಕೆರಳಿಸುತ್ತವೆ ಎಂದು ಮಕ್ಕಳ ವೈದ್ಯರು ವಿವರಿಸಿದರು. ವಿಶ್ವ ಆರೋಗ್ಯ ಸಂಸ್ಥೆಯು 2009ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯೂ ಮನೆಯೊಳಗಿನ ತೇವವನ್ನೇ ತಡೆಯಬೇಕೆನ್ನುತ್ತದೆ. ಪೈಪು ಬದಲಾಯಿತು, ಕೋಣೆಯಲ್ಲಿ ಒಣಹಾಕುತ್ತಿದ್ದ ಬಟ್ಟೆಗಳು (ಮಲೆನಾಡಿನಲ್ಲಿ ಇನ್ನೆಲ್ಲಿ ಒಣಹಾಕುವುದು!) ಬಚ್ಚಲೊಲೆಯ ಬಳಿಗೆ ಹೋದವು. ಆಗಸ್ಟ್‌ನಲ್ಲಿ ಅವಳಿಗೆ ಉಬ್ಬಸ ಬಂದದ್ದು ಒಂದೇ ಸಲ. ವೈದ್ಯರ ಸಲಹೆಯಂತೆ ಇನ್‌ಹೇಲರ್ ಮಾತ್ರ ಇನ್ನೂ ಮುಂದುವರಿದಿದೆ.