ಅಥಬಾಸ್ಕನ್ ಕವಿತೆಗಳಲ್ಲಿ ಅಗಲಿಕೆ, ಸಾವು ಮತ್ತು ನಂಟು

ಪ್ರಶ್ನೆ (ಶಿರಸಿಯಿಂದ)

ಎಲ್ಲರಿಗೂ ನಮಸ್ಕಾರ. ನಮ್ಮ ಓದುಗರ ಬಳಗದಲ್ಲಿ ಈಗ ಅಲಾಸ್ಕಾದ ಅಥಬಾಸ್ಕನ್ ಎಂಬ ಮೂಲನಿವಾಸಿ ಜನರಲ್ಲಿ ಹುಟ್ಟಿದ ಕವಯಿತ್ರಿ ಮೇರಿ ಟಾಲ್‌ಮೌಂಟನ್ (1918–1994) ಅವರನ್ನು ಓದುತ್ತಿದ್ದೇವೆ. ಯುಕಾನ್ ನದಿಯ ದಡದ ನುಲಾಟೊದಲ್ಲಿ ಹುಟ್ಟಿದ ಇವರನ್ನು, ತಾಯಿಗೆ ಕ್ಷಯ ತಗುಲಿದ್ದರಿಂದ, ಎಳವೆಯಲ್ಲೇ ಬಿಳಿಯ ವೈದ್ಯರೊಬ್ಬರ ಕುಟುಂಬಕ್ಕೆ ದತ್ತು ಕೊಡಲಾಯಿತು. ಹಾಗಿದ್ದರೂ ತಾಯಿ, ಅಜ್ಜಿ, ನದಿ ಎಲ್ಲವೂ ಕವಿತೆಯಲ್ಲಿ ಇಂದಿಗೂ ಮಾತಿಗೆ ಸಿಗುವಷ್ಟು ಹತ್ತಿರವಿದ್ದಂತೆ ಬರುತ್ತವೆ. ಇದು ಅವರೊಬ್ಬರ ನೋವಿನ ರೀತಿಯೋ, ಸತ್ತವರೊಡನೆ ನಂಟು ಹರಿಯುವುದಿಲ್ಲವೆಂಬ ಸಮುದಾಯದ ನಂಬಿಕೆಯೋ?

ಉತ್ತರ 1 (ಕುಮಟಾದಿಂದ)

ಅವರು ಹುಟ್ಟಿದ, ಅಥಬಾಸ್ಕನ್ ಗುಂಪುಗಳಲ್ಲಿ ಒಂದಾದ ಕೊಯುಕಾನ್ ಸಮುದಾಯದ ಒಂದು ಆಚರಣೆಯನ್ನು ತಿಳಿಯದೆ ಇದಕ್ಕೆ ಉತ್ತರ ಹೇಳುವುದು ಕಷ್ಟ. ನುಲಾಟೊ ಮತ್ತು ಕಾಲ್ಟಾಗ್ ಎಂಬ ಎರಡು ಊರುಗಳಲ್ಲಿ ಸತ್ತವರ ನೆನಪಿಗಾಗಿ ‘ಸ್ಟಿಕ್ ಡಾನ್ಸ್’ ನಡೆಯುತ್ತದೆ. ಹೆಸರು ಕೇಳಿ ನಮ್ಮ ಕೋಲಾಟವೆಂದು ತಿಳಿಯಬಾರದು. ಸಾವಾದ ಕೂಡಲೇ ಅಲ್ಲ, ಮನೆಯವರು ಉಡುಗೊರೆಗಳನ್ನು ಕೂಡಿಸಿಕೊಂಡು ಸಿದ್ಧರಾಗಲು ವರ್ಷಗಳೇ ಹಿಡಿಯುತ್ತವೆ. ವಾರವಿಡೀ ಊಟ, ಹಾಡು. ಒಂದು ರಾತ್ರಿ ತೊಗಟೆ ಸುಲಿದ ಸ್ಪ್ರೂಸ್ ಮರದ ಕಂಬಕ್ಕೆ ರಿಬ್ಬನ್ ಸುತ್ತಿ, ತುಪ್ಪುಳದ ಚರ್ಮಗಳನ್ನು ತೂಗಿಬಿಟ್ಟು, ಬೆಳಗಾಗುವ ತನಕ ಅದರ ಸುತ್ತ ಕುಣಿಯುತ್ತಾರೆ. ಬಳಿಕ ಸತ್ತವರ ಪರವಾಗಿ ಆರಿಸಲ್ಪಟ್ಟವರಿಗೆ ಹೊಸ ಬಟ್ಟೆ ತೊಡಿಸುತ್ತಾರೆ. ಅವರು ಹೆಪ್ಪುಗಟ್ಟಿದ ನದಿಯ ಬಳಿಗೆ ಹೋಗಿ ಮೈಮೇಲಿನ ಬಟ್ಟೆಯನ್ನು ಕೊಡವುತ್ತಾರೆ, ಅಲ್ಲಿಗೆ ಆತ್ಮವನ್ನು ಕಳುಹಿಸಿಕೊಟ್ಟಂತೆ. ಸತ್ತವರಿಗಾಗಿಯೇ ಕಟ್ಟಿದ ಹಾಡುಗಳೂ ಈ ಸಂಪ್ರದಾಯದಲ್ಲಿವೆ. ಅಂದರೆ ಅಲ್ಲಿ ಕಾವ್ಯವೆಂಬುದು ಬೀಳ್ಕೊಡುವ ಕೆಲಸದ ಒಂದು ಭಾಗ.

ಉತ್ತರ 2 (ಅಂಕೋಲೆಯಿಂದ)

ಹಾಗಾದರೆ ಇದು ನಮ್ಮ ವರ್ಷಾಂತಿಕದ ಹಾಗೆಯೇ ಅಲ್ಲವೇ? ಗೋಕರ್ಣಕ್ಕೆ ಹೋಗಿ ಪಿತೃಕಾರ್ಯ ಮಾಡಿಸುವಲ್ಲಿಯೂ ಹೋದವರನ್ನು ಸರಿಯಾದ ಜಾಗಕ್ಕೆ ಮುಟ್ಟಿಸುವ ಆಸೆಯೇ ಇದೆ.

ಉತ್ತರ 3 (ಕಾರವಾರದಿಂದ)

ಆಸೆ ಒಂದೇ ಇರಬಹುದು, ಋಣದ ಲೆಕ್ಕ ಬೇರೆ. ಶ್ರಾದ್ಧದಲ್ಲಿ ಪಿಂಡ ಪಿತೃಗಳಿಗೆ, ದಕ್ಷಿಣೆ ಭಟ್ಟರಿಗೆ ಸಲ್ಲುತ್ತದೆ. ಕೊಯುಕಾನರ ಆಚರಣೆಯಲ್ಲಿ ಹೆಣಕ್ಕೆ ಬಟ್ಟೆ ತೊಡಿಸಿದವರು, ಪೆಟ್ಟಿಗೆ ಮಾಡಿದವರು, ಗುಂಡಿ ತೋಡಿದವರು, ಹೀಗೆ ಕಷ್ಟಕ್ಕೆ ಒದಗಿದವರಿಗೆ ಉಡುಗೊರೆ ಸಲ್ಲುತ್ತದೆ. ಸತ್ತವರ ನಂಟು ಬದುಕಿರುವವರ ನಡುವಿನ ಕೊಡುಕೊಳ್ಳುವಿಕೆಯಾಗಿ ಉಳಿಯುವುದೇ ನನಗೆ ಇದರಲ್ಲಿ ಮುಖ್ಯವಾಗಿ ಕಾಣುತ್ತದೆ.

ಇದನ್ನು ಇಡೀ ಅಥಬಾಸ್ಕನ್ ಲೋಕಕ್ಕೆ ಅನ್ವಯಿಸಬೇಡಿ. ಅದು ಅಲಾಸ್ಕಾದಿಂದ ಅಮೆರಿಕದ ನೈಋತ್ಯದವರೆಗೆ ಹರಡಿದ ಭಾಷಾ ಕುಟುಂಬ. ಅದೇ ಕುಟುಂಬದ ನವಾಹೊ ಜನರ ಸಂಪ್ರದಾಯದಲ್ಲಿ ಸತ್ತವರ ಹೆಸರೆತ್ತಲೂ ಹಿಂಜರಿಕೆ. ಸಾವು ಸಂಭವಿಸಿದ ಮನೆಯನ್ನೇ ತೊರೆಯುವ ರೂಢಿಯಿತ್ತು.

ಶಿರಸಿಯವರ ಮೂಲ ಪ್ರಶ್ನೆಗೆ ನನ್ನ ಉತ್ತರ ಇಷ್ಟು. 1926ರಲ್ಲಿ ತಾಯಿ ತೀರಿಕೊಂಡಾಗ ಮೇರಿ ಪರರ ಮನೆಯಲ್ಲಿದ್ದ ಮಗು. ತಾಯಿಗಾಗಿ ಹಾಡು ಕಟ್ಟುವ, ಉಡುಗೊರೆ ಹಂಚುವ, ನದಿಯವರೆಗೆ ಕಳುಹಿಸಿ ಬರುವ ಅವಕಾಶವೇ ಅವರಿಗೆ ಇರಲಿಲ್ಲ. ಆ ಕವಿತೆಗಳಲ್ಲಿ ತಾಯಿ ಇಷ್ಟು ಹತ್ತಿರವಿರುವುದು ಸಂಸ್ಕೃತಿಯ ಸಮಾಧಾನದಿಂದಲ್ಲ, ಬೀಳ್ಕೊಡುವುದು ಬಾಕಿ ಉಳಿದಿದ್ದರಿಂದ ಎಂದು ನಾನು ಓದುತ್ತೇನೆ.

ಪ್ರಶ್ನೆ ಕೇಳಿದವರು (ಶಿರಸಿಯಿಂದ)

ಧನ್ಯವಾದಗಳು. ಆ ಆಪ್ತತೆಯನ್ನು ನಾವು ಸಮಾಧಾನವೆಂದೇ ಓದಿದ್ದೆವು. ತಾಯಿಯ ಕುರಿತಾದ ಕವಿತೆಗಳನ್ನು ಮುಂದಿನ ಸಭೆಯಲ್ಲಿ ಮತ್ತೊಮ್ಮೆ ಎತ್ತಿಕೊಳ್ಳುತ್ತೇವೆ. ಕಾರವಾರದವರು ಬಿಡುವಿದ್ದರೆ ಘಟ್ಟ ಹತ್ತಿ ಬನ್ನಿ.